ನಾಯಿ, ಬೆಕ್ಕಿನ ಹಲ್ಲಿನ ಆರೈಕೆ: ಮನೆಮದ್ದಿನ ಫಾರ್ವರ್ಡ್‌ಗಳಲ್ಲಿ ಸತ್ಯವೆಷ್ಟು?

ಅಡುಗೆ ಸೋಡಾಕ್ಕೆ ನಿಂಬೆರಸ ಬೆರೆಸಿ ಉಜ್ಜಿದರೆ ನಾಯಿಯ ಹಳದಿ ಹಲ್ಲು ಮುತ್ತಿನಂತಾಗುತ್ತದೆ. ವಾರಕ್ಕೊಂದು ಮೂಳೆ ಕೊಟ್ಟರೆ ಬ್ರಷ್ಷೇ ಬೇಡ. ಬಾಯಿ ವಾಸನೆಗೆ ಲವಂಗದ ಎಣ್ಣೆ ರಾಮಬಾಣ. ಬೆಕ್ಕಿಗೆ ಹಲ್ಲುನೋವಾದರೆ ಅರ್ಧ ಪ್ಯಾರಾಸಿಟಮಾಲ್ ಸಾಕು. ಸಾಕುಪ್ರಾಣಿಗಳ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ, ರೀಲ್ಸ್‌ಗಳಲ್ಲಿ ಇಂಥ ಸಲಹೆಗಳು ಹರಿದಾಡುತ್ತಲೇ ಇರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇವುಗಳಲ್ಲಿ ಕೆಲವು ಉಪಯೋಗಕ್ಕೆ ಬಾರದವು, ಕೆಲವು ಹಾನಿ ಮಾಡುವಂಥವು. ಕೊನೆಯದಂತೂ ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು? ಒಂದೊಂದಾಗಿ ನೋಡೋಣ.

ಸಾರಾಂಶ

- ನಾಯಿ, ಬೆಕ್ಕಿನ ಬಾಯಿಯಿಂದ ಸದಾ ದುರ್ವಾಸನೆ ಬರುವುದು ಸಹಜವಲ್ಲ. ಅದು ಹೆಚ್ಚಾಗಿ ವಸಡಿನ ಕಾಯಿಲೆಯ ಲಕ್ಷಣ.
- ಕಾಯಿಲೆ ಇರುವುದು ಹಲ್ಲಿನ ಬಣ್ಣದಲ್ಲಲ್ಲ, ವಸಡಿನ ಅಂಚಿನ ಕೆಳಗೆ. ಹಲ್ಲು ಬೆಳ್ಳಗಾದ ಮಾತ್ರಕ್ಕೆ ಕಾಯಿಲೆ ಹೋಯಿತೆಂದು ಅರ್ಥವಲ್ಲ.
- ಮನೆಯಲ್ಲಿ ಮಾಡಬಹುದಾದ ಅತ್ಯಂತ ಪರಿಣಾಮಕಾರಿ ಕೆಲಸ ಬ್ರಷ್ ಮಾಡುವುದು. ಮನುಷ್ಯರ ಪೇಸ್ಟ್ ಬಳಸುವಂತಿಲ್ಲ.
- ಒಮ್ಮೆ ಗಟ್ಟಿಯಾದ ಪಾಚಿಯನ್ನು ಮನೆಯಲ್ಲಿ ಕೆರೆದು ತೆಗೆಯಬಾರದು. ಅದು ಪಶುವೈದ್ಯರ ಕೆಲಸ.

ಬಾಯಿ ವಾಸನೆ ಸಹಜವೇ?

'ನಾಯಿ ಬಾಯಿ ಅಂದಮೇಲೆ ನಾರದೇ ಇರುತ್ತದೆಯೇ' ಎಂಬ ಮಾತು ಸಾಮಾನ್ಯ. ಊಟವಾದ ಕೂಡಲೇ ಆಹಾರದ ವಾಸನೆ ಬರುವುದು ಸರಿ. ಆದರೆ ದಿನವಿಡೀ, ಮುಖ ಹತ್ತಿರ ತಂದರೆ ಸಾಕು ಎಂಬಷ್ಟು ಕೊಳೆತ ವಾಸನೆ ಬರುತ್ತಿದ್ದರೆ ಬ್ಯಾಕ್ಟೀರಿಯಾಗಳು ವಸಡಿನಲ್ಲಿ ಮನೆ ಮಾಡಿಕೊಂಡಿವೆ ಎಂದೇ ತಿಳಿಯಬೇಕು.

ಕೆಲವೊಮ್ಮೆ ವಾಸನೆಯ ಮೂಲ ಬಾಯಿಯೇ ಆಗಿರುವುದಿಲ್ಲ. ಉಸಿರಿನಲ್ಲಿ ಅಮೋನಿಯಾ ಅಥವಾ ಮೂತ್ರದಂಥ ವಾಸನೆ ಬಂದರೆ ಕಿಡ್ನಿ ತೊಂದರೆ ಇರಬಹುದು. ಹಣ್ಣಿನಂಥ ಸಿಹಿ ವಾಸನೆ ಹತೋಟಿ ತಪ್ಪಿದ ಮಧುಮೇಹದ ಸೂಚನೆ ಇರಬಹುದು. ಇವೆರಡಕ್ಕೂ ತಡಮಾಡದೆ ವೈದ್ಯರನ್ನು ಕಾಣಬೇಕು. ವಾಸನೆ ಮರೆಮಾಚುವ ಸ್ಪ್ರೇ, ಮೌತ್‌ವಾಶ್‌ಗಳ ಅಪಾಯ ಇರುವುದೇ ಇಲ್ಲಿ: ವಾಸನೆ ಮುಚ್ಚಿಹೋಗುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ.

ಹಲ್ಲಿನ ಮೇಲೆ ನಿಜವಾಗಿ ಏನಾಗುತ್ತದೆ?

ದೊಡ್ಡ ನಾಯಿಗೆ 42 ಹಲ್ಲು, ದೊಡ್ಡ ಬೆಕ್ಕಿಗೆ 30. ಸುಮಾರು 6-7 ತಿಂಗಳ ಹೊತ್ತಿಗೆ ಹಾಲುಹಲ್ಲುಗಳು ಬಿದ್ದು ಶಾಶ್ವತ ಹಲ್ಲುಗಳು ಬಂದಿರುತ್ತವೆ. ಅಂದಿನಿಂದಲೇ ಕೆಲಸ ಶುರು.

ಸ್ವಚ್ಛವಾದ ಹಲ್ಲಿನ ಮೇಲೂ ಒಂದು ದಿನದೊಳಗೆ ಬ್ಯಾಕ್ಟೀರಿಯಾಗಳ ಅಂಟಾದ ತೆಳು ಪದರ ಕಟ್ಟುತ್ತದೆ. ಇದಕ್ಕೆ ಪ್ಲೇಕ್ ಎನ್ನುತ್ತಾರೆ. ಕಣ್ಣಿಗೆ ಅಷ್ಟಾಗಿ ಕಾಣದ ಇದು ಮೆತ್ತಗಿರುತ್ತದೆ, ಬ್ರಷ್ ತಾಗಿದರೆ ಹೋಗುತ್ತದೆ. ಹಾಗೆಯೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಜೊಲ್ಲಿನಲ್ಲಿರುವ ಖನಿಜಗಳು ಸೇರಿಕೊಂಡು ಗಟ್ಟಿಯಾಗತೊಡಗುತ್ತದೆ. ಹಳದಿ ಅಥವಾ ಕಂದು ಬಣ್ಣದಲ್ಲಿ ಕಲ್ಲಿನಂತೆ ಅಂಟಿಕೊಂಡಿರುವ ಇದೇ ಟಾರ್ಟರ್. ನಾವು ಹಲ್ಲಿನ ಪಾಚಿ ಎನ್ನುವುದು ಇದನ್ನೇ.

ನಾಯಿಯ ಜೊಲ್ಲು ಮನುಷ್ಯರ ಜೊಲ್ಲಿಗಿಂತ ಹೆಚ್ಚು ಕ್ಷಾರೀಯ. ಹಾಗಾಗಿ ಅವಕ್ಕೆ ನಮ್ಮಂತೆ ಹುಳುಕು ಹಲ್ಲು ಬರುವುದು ಕಡಿಮೆ, ಪಾಚಿ ಕಟ್ಟುವುದು ಮಾತ್ರ ಬೇಗ. ಮನುಷ್ಯರಿಗೆಂದು ಬರೆದ ಹಲ್ಲಿನ ಸಲಹೆಗಳನ್ನು ಹಾಗೆಯೇ ನಾಯಿಗೆ ಅನ್ವಯಿಸಲಾಗದು ಎನ್ನುವುದಕ್ಕೆ ಇದೂ ಒಂದು ಕಾರಣ.

ಪಾಚಿ ನೋಡಲು ಅಸಹ್ಯ, ನಿಜ. ಆದರೆ ನಿಜವಾದ ಕೇಡು ಮಾಡುವುದು ವಸಡಿನ ಅಂಚಿನ ಕೆಳಗೆ ಇಳಿಯುವ ಪ್ಲೇಕ್. ಮೊದಲು ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಈ ಹಂತದಲ್ಲಿ ಚೆನ್ನಾಗಿ ಸ್ವಚ್ಛ ಮಾಡಿಸಿದರೆ ಮೊದಲಿನಂತಾಗುತ್ತದೆ. ಮುಂದೆ ವಸಡು ಹಲ್ಲಿನಿಂದ ಬಿಡಿಸಿಕೊಂಡು ಸಂದು ಉಂಟಾಗುತ್ತದೆ, ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ, ಹಲ್ಲು ಅಲುಗಾಡುತ್ತದೆ. ಹೀಗೆ ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಹೀಗಾಗಿ ಯಾವುದೇ ಮನೆಮದ್ದಿನ ಮುಂದೆ ಎರಡು ಪ್ರಶ್ನೆ ಇಡಬೇಕು. ಒಂದು, ಇದು ವಸಡಿನ ಅಂಚಿನಲ್ಲಿರುವ ಪ್ಲೇಕನ್ನು ತೆಗೆಯುತ್ತದೆಯೇ? ಎರಡು, ಪ್ರಾಣಿ ಇದನ್ನು ನುಂಗಿದರೆ ಅಪಾಯವಿಲ್ಲವೇ? ನಾವು ಬಾಯಿ ಮುಕ್ಕಳಿಸಿ ಉಗಿಯುತ್ತೇವೆ. ನಾಯಿ, ಬೆಕ್ಕಿಗೆ ಉಗಿಯಲು ಬರುವುದಿಲ್ಲ. ಬಾಯಿಗೆ ಹಾಕಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ.

'ಚೆನ್ನಾಗಿ ತಿನ್ನುತ್ತಿದೆ, ಹಾಗಾಗಿ ನೋವಿಲ್ಲ': ಇದು ನಿಜವೇ?

ನಿಜವಲ್ಲ. ಹಲ್ಲುನೋವಿದ್ದರೂ ನಾಯಿ, ಬೆಕ್ಕುಗಳು ಊಟ ಬಿಡುವುದು ಅಪರೂಪ. ನೋವನ್ನು ತೋರಿಸಿಕೊಳ್ಳದಿರುವುದು ಅವುಗಳ ಸ್ವಭಾವ, ಹಸಿವು ನೋವಿಗಿಂತ ದೊಡ್ಡದು. ಊಟ ಬಿಡುವ ಹೊತ್ತಿಗೆ ಕಾಯಿಲೆ ಬಹಳ ಮುಂದುವರಿದಿರುತ್ತದೆ.

ಅದಕ್ಕೂ ಮೊದಲು ಕಾಣುವ ಸಣ್ಣ ಸೂಚನೆಗಳನ್ನು ಗಮನಿಸಬೇಕು:

- ಒಂದೇ ಕಡೆಯ ದವಡೆಯಲ್ಲಿ ಅಗಿಯುವುದು, ತಲೆ ಓರೆ ಮಾಡಿ ತಿನ್ನುವುದು
- ತುತ್ತು ಬಾಯಿಂದ ಜಾರಿ ಬೀಳುವುದು, ಅಗಿಯದೆ ನುಂಗುವುದು
- ಆಟದ ಸಾಮಾನು ಅಥವಾ ನೀರಿನ ಬಟ್ಟಲಿನಲ್ಲಿ ರಕ್ತದ ಗುರುತು
- ಜೊಲ್ಲು ಹೆಚ್ಚಾಗುವುದು, ಮುಖವನ್ನು ಪಂಜದಿಂದ ಉಜ್ಜಿಕೊಳ್ಳುವುದು
- ಮುಖ ಮುಟ್ಟಿದರೆ ಸಿಡುಕುವುದು, ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನೇ ಕಡಿಮೆ ಮಾಡುವುದು
- ಕಣ್ಣಿನ ಕೆಳಗೆ ಊತ

ಕೊನೆಯದನ್ನು ಅನೇಕರು ಹುಳ ಕಚ್ಚಿರಬೇಕು, ಪೆಟ್ಟಾಗಿರಬೇಕು ಎಂದುಕೊಳ್ಳುತ್ತಾರೆ. ಮೇಲಿನ ದವಡೆಯ ದೊಡ್ಡ ಹಲ್ಲಿನ ಬೇರು ಕಣ್ಣಿನ ಕೆಳಭಾಗಕ್ಕೆ ಹತ್ತಿರದಲ್ಲಿದೆ. ಆ ಬೇರಿನಲ್ಲಿ ಕೀವು ತುಂಬಿದರೆ ಊತ ಕಾಣಿಸುವುದು ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ. ಮುಲಾಮು ಹಚ್ಚಿದರೆ ಇದು ವಾಸಿಯಾಗದು.

'80 ಶೇಕಡಾ ನಾಯಿಗಳಿಗೆ ಹಲ್ಲಿನ ಕಾಯಿಲೆ' ಎಂಬ ಅಂಕಿ ಎಷ್ಟು ಸರಿ?

ಹಲ್ಲಿನ ಉತ್ಪನ್ನಗಳ ಜಾಹೀರಾತಿನಲ್ಲಿ ಈ ಸಂಖ್ಯೆ ಪದೇ ಪದೇ ಕಾಣುತ್ತದೆ. ಇನ್ನೊಂದೆಡೆ ಬ್ರಿಟನ್ನಿನಲ್ಲಿ 22,333 ನಾಯಿಗಳ 2016ರ ಚಿಕಿತ್ಸಾ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ವರ್ಷ ವಸಡಿನ ಕಾಯಿಲೆ ದಾಖಲಾದದ್ದು ಸುಮಾರು 12.5 ಶೇಕಡಾ ನಾಯಿಗಳಲ್ಲಿ. ಯಾವುದು ಸರಿ?

ಎರಡೂ ಬೇರೆ ಬೇರೆ ಎಣಿಕೆಗಳು. ವೈದ್ಯರು ಬಾಯಿ ತೆರೆದು ಮೇಲ್ನೋಟಕ್ಕೆ ಕಂಡು ದಾಖಲೆಯಲ್ಲಿ ಬರೆದದ್ದನ್ನು ಎಣಿಸಿದರೆ ಸಂಖ್ಯೆ ಚಿಕ್ಕದು. ಅರಿವಳಿಕೆ ಕೊಟ್ಟು, ಪ್ರತಿ ಹಲ್ಲಿನ ಸುತ್ತ ಸೂಕ್ಷ್ಮ ಸಲಾಕೆಯಿಂದ ವಸಡಿನ ಆಳ ಅಳೆದು, ಎಕ್ಸ್‌ರೇ ತೆಗೆದು ನೋಡಿದರೆ ಸಂಖ್ಯೆ ಬಹಳ ದೊಡ್ಡದಾಗುತ್ತದೆ. ಆರಂಭದ ಹಂತದ ಸಣ್ಣ ಉರಿಯೂತವನ್ನೂ ಸೇರಿಸಿಕೊಂಡರೆ ಇನ್ನೂ ದೊಡ್ಡದು. ಮೂರು ವರ್ಷ ತುಂಬುವ ಹೊತ್ತಿಗೆ ಬಹುತೇಕ ನಾಯಿ, ಬೆಕ್ಕುಗಳಲ್ಲಿ ಒಂದಲ್ಲ ಒಂದು ಹಂತದ ವಸಡಿನ ತೊಂದರೆ ಶುರುವಾಗಿರುತ್ತದೆ ಎಂಬುದು ಪಶುವೈದ್ಯ ಸಂಸ್ಥೆಗಳು ಒಪ್ಪುವ ಮಾತು. ಆದರೆ 'ಹತ್ತರಲ್ಲಿ ಎಂಟು ನಾಯಿಗಳ ಹಲ್ಲು ಉದುರುತ್ತಿದೆ' ಎಂದು ಅದನ್ನು ಓದಿಕೊಳ್ಳಬಾರದು.

ಎಲ್ಲ ತಳಿಗಳಿಗೂ ಅಪಾಯ ಒಂದೇ ಅಲ್ಲ. ಪಾಮ್, ಶಿಟ್ಝು, ಪಗ್‌ನಂಥ ಚಿಕ್ಕ ಬಾಯಿಯ ನಾಯಿಗಳಲ್ಲಿ ಹಲ್ಲುಗಳು ಒತ್ತೊತ್ತಾಗಿ, ಓರೆಯಾಗಿ ಇರುವುದರಿಂದ ಪ್ಲೇಕ್ ಬೇಗ ಸೇರುತ್ತದೆ. ಇಂಥ ತಳಿಗಳಲ್ಲಿ ಹಾಲುಹಲ್ಲು ಬೀಳದೆ ಪಕ್ಕದಲ್ಲೇ ಶಾಶ್ವತ ಹಲ್ಲು ಬರುವುದೂ ಉಂಟು. ಏಳು ತಿಂಗಳಾದರೂ ಜೋಡಿ ಕೋರೆಹಲ್ಲು ಕಂಡರೆ ವೈದ್ಯರಿಗೆ ತೋರಿಸಿ.

ಫಾರ್ವರ್ಡ್‌ಗಳ ಪರಿಶೀಲನೆ

ಹೇಳಿಕೆ: ನಮ್ಮ ಟೂತ್‌ಪೇಸ್ಟನ್ನೇ ಸ್ವಲ್ಪ ಬಳಸಬಹುದು. ತಪ್ಪು. ಮನುಷ್ಯರ ಪೇಸ್ಟಿನಲ್ಲಿ ಫ್ಲೋರೈಡ್ ಮತ್ತು ನೊರೆ ಬರಿಸುವ ರಾಸಾಯನಿಕ ಇರುತ್ತವೆ. ನುಂಗಿದರೆ ವಾಂತಿ, ಹೊಟ್ಟೆ ಕೆಡುವುದು ಆಗಬಹುದು. ಇನ್ನೂ ದೊಡ್ಡ ಅಪಾಯ ಜೈಲಿಟಾಲ್ ಎಂಬ ಸಿಹಿಕಾರಕದ್ದು. ಕೆಲವು ಟೂತ್‌ಪೇಸ್ಟ್, ಮೌತ್‌ವಾಶ್, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗಳಲ್ಲಿ ಇದಿರುತ್ತದೆ. ಮನುಷ್ಯರಿಗೆ ತೊಂದರೆ ಮಾಡದ ಇದು ನಾಯಿಯ ದೇಹದಲ್ಲಿ ಒಮ್ಮೆಲೇ ಇನ್ಸುಲಿನ್ ಉಕ್ಕಿಸುತ್ತದೆ. ರಕ್ತದ ಸಕ್ಕರೆ ಕುಸಿಯುತ್ತದೆ. ದೇಹತೂಕದ ಪ್ರತಿ ಕಿಲೋಗೆ ಸುಮಾರು 0.1 ಗ್ರಾಂ ಹೊಟ್ಟೆ ಸೇರಿದರೂ ಹೀಗಾಗಬಹುದು. ಪ್ರಮಾಣ ಹೆಚ್ಚಿದರೆ ಲಿವರ್ ವಿಫಲವಾಗುತ್ತದೆ. ನಾಯಿ ಇಂಥದ್ದನ್ನು ತಿಂದದ್ದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ, ಪೊಟ್ಟಣವನ್ನೂ ಹಿಡಿದುಕೊಂಡು ವೈದ್ಯರ ಬಳಿ ಹೋಗಿ.

ಹೇಳಿಕೆ: ಅಡುಗೆ ಸೋಡಾ, ನಿಂಬೆರಸ, ಉಪ್ಪು, ಇದ್ದಿಲಪುಡಿಯಿಂದ ಉಜ್ಜಿ. ಬೇಡ. ನಾಯಿ, ಬೆಕ್ಕಿನ ಹಲ್ಲಿನ ಎನಾಮಲ್ ನಮ್ಮದಕ್ಕಿಂತ ತೆಳು. ನಿಂಬೆಯ ಆಮ್ಲ ಎನಾಮಲನ್ನು ಸವೆಸುತ್ತದೆ, ಇದ್ದಿಲು ಗೀರುತ್ತದೆ. ಗೀರು ಬಿದ್ದ ಹಲ್ಲಿನ ಮೇಲೆ ಪ್ಲೇಕ್ ಇನ್ನೂ ಸುಲಭವಾಗಿ ಅಂಟುತ್ತದೆ. ಸೋಡಾ ಮತ್ತು ಉಪ್ಪು ಎರಡರಲ್ಲೂ ಸೋಡಿಯಂ ಇದೆ. ಚಿಕ್ಕ ಪ್ರಾಣಿಗಳಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವಕ್ಕೆ ಇದು ಹೆಚ್ಚಿನ ಹೊರೆ.

ಹೇಳಿಕೆ: ಲವಂಗದ ಎಣ್ಣೆ ಹಚ್ಚಿದರೆ ನೋವು, ವಾಸನೆ ಎರಡೂ ಹೋಗುತ್ತವೆ. ಅಪಾಯಕಾರಿ, ವಿಶೇಷವಾಗಿ ಬೆಕ್ಕಿಗೆ. ಲವಂಗದ ಎಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್‌ನಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಕಡಿಮೆ. ಟೀ ಟ್ರೀ ಎಣ್ಣೆಯೂ ಬೇಡ.

ಹೇಳಿಕೆ: ಕೊಬ್ಬರಿ ಎಣ್ಣೆ ಹಚ್ಚಿದರೆ ಪಾಚಿ ಕರಗುತ್ತದೆ. ಕರಗುವುದಿಲ್ಲ. ಗಟ್ಟಿಯಾದ ಪಾಚಿ ಖನಿಜ, ಎಣ್ಣೆಯಲ್ಲಿ ಕರಗುವ ವಸ್ತುವಲ್ಲ. ಬೆರಳಿಗೆ ಸ್ವಲ್ಪ ಸವರಿಕೊಂಡು ಹಲ್ಲು ಉಜ್ಜಿದರೆ ಕೆಲಸ ಮಾಡುವುದು ಉಜ್ಜುವಿಕೆ, ಎಣ್ಣೆಯಲ್ಲ. ಹೆಚ್ಚು ತಿನ್ನಿಸಿದರೆ ಭೇದಿಯಾಗುತ್ತದೆ.

ಹೇಳಿಕೆ: ಮೂಳೆಯೇ ನಾಯಿಯ ಟೂತ್‌ಬ್ರಷ್. ಅರ್ಧ ಸತ್ಯ. ಅಗಿಯುವಾಗ ಹಲ್ಲಿನ ತುದಿಯ ಪಾಚಿ ಸ್ವಲ್ಪ ಉದುರುವುದು ನಿಜ. ಆದರೆ ಗಟ್ಟಿ ಮೂಳೆ, ಗೊರಸು, ಕೊಂಬು ಕಡಿಯುವಾಗ ಮೇಲ್ದವಡೆಯ ದೊಡ್ಡ ಹಲ್ಲು ಸೀಳಿಹೋಗುವುದು ಪಶುವೈದ್ಯರು ಆಗಾಗ ಕಾಣುವ ಪೆಟ್ಟು. ಬೇಯಿಸಿದ ಮೂಳೆ ಚೂಪು ಚೂರಾಗಿ ಒಡೆದು ಗಂಟಲಿಗೆ, ಕರುಳಿಗೆ ಚುಚ್ಚಬಹುದು. ಅಗಿಯಲು ಏನೇ ಕೊಡುವ ಮುನ್ನ ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಬೀಳದಷ್ಟು ಗಟ್ಟಿಯಿದ್ದರೆ ಅದು ಹಲ್ಲಿಗೂ ಗಟ್ಟಿಯೇ.

ಹೇಳಿಕೆ: ಅನ್ನ ಬಿಡಿಸಿ ಒಣ ಆಹಾರ ಹಾಕಿದರೆ ಹಲ್ಲು ತಾನಾಗಿ ಶುಚಿಯಾಗುತ್ತದೆ. ಪೂರ್ತಿ ಸರಿಯಲ್ಲ. ಸಾಮಾನ್ಯ ಒಣ ಆಹಾರದ ಕಾಳು ಹಲ್ಲಿನ ತುದಿ ತಾಗಿದ ಕೂಡಲೇ ಪುಡಿಯಾಗುತ್ತದೆ, ವಸಡಿನ ಅಂಚನ್ನು ಮುಟ್ಟುವುದೇ ಇಲ್ಲ. ಬಿಸ್ಕತ್ತು ತಿಂದರೆ ನಮ್ಮ ಹಲ್ಲು ಶುಚಿಯಾಗದು, ಇದೂ ಹಾಗೆಯೇ. ಹಲ್ಲಿಗೆಂದೇ ತಯಾರಿಸಿದ, ಸುಲಭವಾಗಿ ಒಡೆಯದ ದೊಡ್ಡ ನಾರಿನ ಕಾಳುಗಳ ಆಹಾರ ಬೇರೆ, ಅದರಿಂದ ಸ್ವಲ್ಪ ಅನುಕೂಲವಿದೆ.

ಹೇಳಿಕೆ: ನೋವಿದ್ದರೆ ಪ್ಯಾರಾಸಿಟಮಾಲ್ ಕೊಡಿ. ಬೆಕ್ಕಿಗೆ ಎಂದಿಗೂ ಕೊಡಬಾರದು. ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು. ರಕ್ತ ಆಮ್ಲಜನಕವನ್ನು ಹೊರಲಾರದಂತಾಗಿ ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ನಾಯಿಗೂ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ಹಾನಿ ಮಾಡುತ್ತವೆ. ಮನೆಯ ಔಷಧಿ ಡಬ್ಬಿ ಮನುಷ್ಯರಿಗೆ ಮಾತ್ರ.

ಮನೆಯಲ್ಲಿ ಬ್ರಷ್ ಮಾಡುವುದು ಹೇಗೆ?

ಸಾಕುಪ್ರಾಣಿ ವೈದ್ಯರ ಜಾಗತಿಕ ಒಕ್ಕೂಟವಾದ ಡಬ್ಲ್ಯುಎಸ್‌ಎವಿಎಯ ದಂತ ಮಾರ್ಗಸೂಚಿ ದಿನಕ್ಕೊಮ್ಮೆ ಬ್ರಷ್ ಮಾಡುವುದು ಉತ್ತಮ ಎನ್ನುತ್ತದೆ. ಬಾಯಿ ಆರೋಗ್ಯವಾಗಿದ್ದರೆ ವಾರಕ್ಕೆ ಮೂರು ಬಾರಿಯಾದರೂ ಬೇಕು. ಪ್ಲೇಕ್ ಎರಡು ಮೂರು ದಿನದಲ್ಲಿ ಗಟ್ಟಿಯಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಲೆಕ್ಕ ತಾನಾಗಿ ಅರ್ಥವಾಗುತ್ತದೆ. ತಿಂಗಳಿಗೊಮ್ಮೆ ಜೋರಾಗಿ ಉಜ್ಜುವುದಕ್ಕಿಂತ ದಿನಾ ಅರ್ಧ ನಿಮಿಷ ಉಜ್ಜುವುದು ಮೇಲು.

ವಸಡು ಈಗಾಗಲೇ ಕೆಂಪಾಗಿದ್ದರೆ, ರಕ್ತ ಬರುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ನೋಯುವ ಬಾಯಿಗೆ ಬ್ರಷ್ ಹಾಕಿದರೆ ಪ್ರಾಣಿ ಕಚ್ಚಬಹುದು, ಬ್ರಷ್ ಕಂಡರೆ ಜೀವಮಾನವಿಡೀ ಓಡಬಹುದು. ಬಾಯಿ ಚೆನ್ನಾಗಿದ್ದರೆ ಹೀಗೆ ಶುರು ಮಾಡಿ:

1. ಮೊದಲ ವಾರ ತುಟಿ ಎತ್ತಿ ನೋಡುವುದಷ್ಟೇ. ಸುಮ್ಮನೆ ಕೂತರೆ ಹೊಗಳಿ, ಇಷ್ಟದ ತಿಂಡಿ ಚೂರು ಕೊಡಿ.
2. ನಂತರ ಕೋಳಿ ಬೇಯಿಸಿದ ನೀರಿನಲ್ಲಿ ಬೆರಳು ಅದ್ದಿ ವಸಡಿನ ಮೇಲೆ ಸವರಿ. ಆ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಿರಬಾರದು, ಅವು ನಾಯಿ, ಬೆಕ್ಕಿಗೆ ವಿಷ.
3. ಆಮೇಲೆ ಬೆರಳಿಗೆ ಸ್ವಚ್ಛವಾದ ಗಾಜ್ ಬಟ್ಟೆ ಸುತ್ತಿ ಉಜ್ಜಿ.
4. ಅದಕ್ಕೂ ಒಗ್ಗಿಕೊಂಡ ಮೇಲೆ ಮಕ್ಕಳ ಮೆದು ಬ್ರಷ್ ಹಿಡಿಯಿರಿ. ಎಳೆಗಳು ಹಲ್ಲು ಮತ್ತು ವಸಡು ಸೇರುವ ಗೆರೆಗೆ ಓರೆಯಾಗಿ ತಾಗುವಂತೆ ಇಟ್ಟು, ಸಣ್ಣ ಸಣ್ಣ ಸುತ್ತುಗಳಲ್ಲಿ ಉಜ್ಜಿ.

ಬಾಯಿ ಪೂರ್ತಿ ತೆರೆಸಬೇಕಾಗಿಲ್ಲ. ಕೆನ್ನೆಯ ಕಡೆಗಿರುವ ಹೊರಮೈ ಉಜ್ಜಿದರೆ ಸಾಕು. ಒಳಮೈಯನ್ನು ನಾಲಿಗೆ ಸ್ವಲ್ಪಮಟ್ಟಿಗೆ ನೋಡಿಕೊಳ್ಳುತ್ತದೆ. ಮೇಲಿನ ಕೋರೆಹಲ್ಲು ಮತ್ತು ಹಿಂದಿನ ದೊಡ್ಡ ಹಲ್ಲುಗಳಿಗೆ ಹೆಚ್ಚು ಗಮನ ಕೊಡಿ.

ಪೇಸ್ಟ್ ಬೇಕೆಂದರೆ ಸಾಕುಪ್ರಾಣಿಗಳಿಗೆಂದೇ ಮಾಡಿದ, ನುಂಗಬಹುದಾದ ಪೇಸ್ಟ್ ಸಿಗುತ್ತದೆ. ಇಲ್ಲದಿದ್ದರೆ ಬರೀ ನೀರು ಸಾಕು. ಪ್ಲೇಕ್ ಹೋಗುವುದು ಬ್ರಷ್ಷಿನ ಉಜ್ಜುವಿಕೆಯಿಂದ. ಮನೆಯಲ್ಲಿ ಎರಡು ಪ್ರಾಣಿಗಳಿದ್ದರೆ ಎರಡು ಬ್ರಷ್ ಇರಲಿ.

ಅಗಿಯುವ ಡೆಂಟಲ್ ಸ್ಟಿಕ್, ನೀರಿಗೆ ಬೆರೆಸುವ ದ್ರಾವಣ ಮುಂತಾದವು ಬ್ರಷ್ಷಿಗೆ ಜೊತೆ, ಬದಲಿ ಅಲ್ಲ. ಕೊಳ್ಳುವುದಾದರೆ ವಿಒಎಚ್‌ಸಿ ಮುದ್ರೆ ಇದೆಯೇ ನೋಡಿ. 1997ರಿಂದ ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ಈ ಮಂಡಳಿ, ಪ್ಲೇಕ್ ಅಥವಾ ಪಾಚಿ ಕಡಿಮೆಯಾಗುತ್ತದೆಂದು ಪರೀಕ್ಷೆಯಲ್ಲಿ ತೋರಿಸಿದ ಉತ್ಪನ್ನಗಳಿಗೆ ಮಾತ್ರ ಮುದ್ರೆ ಕೊಡುತ್ತದೆ. ಡೆಂಟಲ್ ಸ್ಟಿಕ್‌ನಲ್ಲೂ ಕ್ಯಾಲೊರಿ ಇದೆ, ಊಟದ ಲೆಕ್ಕದಲ್ಲಿ ಸೇರಿಸಿ.

ಬೆಕ್ಕಿನ ವಿಷಯದಲ್ಲಿ ಒಂದು ಮಾತು. ಹಲ್ಲು ಬೇರಿನಿಂದಲೇ ಕರಗಿಹೋಗುವ ಕಾಯಿಲೆ ಬೆಕ್ಕುಗಳಲ್ಲಿ ಸಾಮಾನ್ಯ. ಇದು ತುಂಬಾ ನೋವಿನದು, ಬ್ರಷ್ ಮಾಡಿದರೂ ತಪ್ಪಿಸಲಾಗದು. ದಿನಾ ಬ್ರಷ್ ಮಾಡುವವರೂ ವರ್ಷಕ್ಕೊಮ್ಮೆ ವೈದ್ಯರಿಗೆ ಬಾಯಿ ತೋರಿಸಬೇಕಾದ ಕಾರಣಗಳಲ್ಲಿ ಇದೂ ಒಂದು.

ಗಟ್ಟಿ ಪಾಚಿಯನ್ನು ಮನೆಯಲ್ಲೇ ಕೆರೆಯಬಹುದೇ?

ಆನ್‌ಲೈನಿನಲ್ಲಿ ಸಿಗುವ ಸ್ಕೇಲರ್‌ನಿಂದ ಪಾಚಿ ಎಬ್ಬಿಸುವ ವಿಡಿಯೊ ನೋಡಲು ಸಮಾಧಾನ ಕೊಡುತ್ತದೆ. ಹಲ್ಲು ಬೆಳ್ಳಗೆ ಕಾಣುವುದೂ ನಿಜ. ಆದರೆ ಕಾಯಿಲೆ ಇರುವ ವಸಡಿನ ಕೆಳಭಾಗ ಹಾಗೆಯೇ ಉಳಿಯುತ್ತದೆ. ಎಚ್ಚರವಿರುವ ಪ್ರಾಣಿ ಒಮ್ಮೆ ಕೊಸರಿದರೆ ಚೂಪಾದ ಉಪಕರಣ ವಸಡನ್ನು ಸೀಳುತ್ತದೆ. ಅರಿವಳಿಕೆ ಇಲ್ಲದೆ ಮಾಡುವ 'ಡೆಂಟಲ್ ಕ್ಲೀನಿಂಗ್' ಸೇವೆಗಳನ್ನೂ ಡಬ್ಲ್ಯುಎಸ್‌ಎವಿಎ ಇದೇ ಕಾರಣಕ್ಕೆ ವಿರೋಧಿಸುತ್ತದೆ.

ಅರಿವಳಿಕೆ ಎಂದರೆ ಅನೇಕರಿಗೆ ಭಯ. ಅಪಾಯ ಸೊನ್ನೆ ಅಲ್ಲ ಎಂಬುದು ನಿಜ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಆರೋಗ್ಯವಂತ ನಾಯಿಗಳಲ್ಲಿ ಸುಮಾರು 0.05 ಶೇಕಡಾ, ಅಂದರೆ ಎರಡು ಸಾವಿರಕ್ಕೆ ಒಂದು. ಕಾಯಿಲೆಯಿದ್ದ ನಾಯಿಗಳಲ್ಲಿ ಅದು 1.33 ಶೇಕಡಾ, ಅಂದರೆ 75ಕ್ಕೆ ಒಂದು. ಇದರಿಂದ ತಿಳಿಯುವುದು ಇಷ್ಟು: ಪ್ರಾಣಿ ಗಟ್ಟಿಮುಟ್ಟಾಗಿರುವಾಗಲೇ ಹಲ್ಲು ನೋಡಿಸಿದರೆ ಅಪಾಯ ಕಡಿಮೆ. ಭಯದಿಂದ ಮುಂದೂಡಿ, ಮುದಿಯಾಗಿ ನಿತ್ರಾಣವಾದ ಮೇಲೆ ಕರೆದೊಯ್ದರೆ ಹೆಚ್ಚು. ಮೊದಲೇ ರಕ್ತಪರೀಕ್ಷೆ ಮಾಡುತ್ತೀರಾ, ಉಸಿರಿನ ಕೊಳವೆ ಹಾಕುತ್ತೀರಾ, ಹೃದಯಬಡಿತ ಗಮನಿಸಲು ಒಬ್ಬರು ಇರುತ್ತಾರಾ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಹಲ್ಲಿನ ಕಾಯಿಲೆಯಿಂದ ಹೃದಯ, ಕಿಡ್ನಿ ಕೆಡುತ್ತದೆ ಎಂಬ ಸಂದೇಶಗಳೂ ಬರುತ್ತವೆ. ವಸಡಿನ ಕಾಯಿಲೆ ತೀವ್ರವಾಗಿರುವ ಪ್ರಾಣಿಗಳಲ್ಲಿ ಈ ಅಂಗಗಳ ತೊಂದರೆಯೂ ಹೆಚ್ಚು ಕಂಡಿದೆ. ಆದರೆ ಎರಡೂ ಜೊತೆಯಲ್ಲಿ ಕಂಡವು ಎಂದರೆ ಒಂದರಿಂದಲೇ ಇನ್ನೊಂದು ಬಂತು ಎಂದಾಗುವುದಿಲ್ಲ. ಹಲ್ಲಿನ ಆರೈಕೆಗೆ ಆ ಹೆದರಿಕೆ ಬೇಕಾಗಿಯೂ ಇಲ್ಲ. ಬಾಯಲ್ಲಿನ ನೋವೇ ಸಾಕಷ್ಟು ಕಾರಣ.

ಬಾಯಿಗೆ ಕೈ ಹಾಕುವ ಮುನ್ನ

ಇದು ಹಲ್ಲಿಗಿಂತ ದೊಡ್ಡ ವಿಷಯ. ನಾಯಿಯ ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತಾ, ನುಂಗಲು ಒದ್ದಾಡುತ್ತಿದ್ದರೆ ಮನೆಯವರು 'ಗಂಟಲಲ್ಲಿ ಮೂಳೆ ಸಿಕ್ಕಿರಬೇಕು' ಎಂದು ಬಾಯಿಗೆ ಕೈ ಹಾಕುತ್ತಾರೆ. ರೇಬಿಸ್ ಕಾಯಿಲೆಯೂ ಹೀಗೆಯೇ ಕಾಣಿಸಬಹುದು. ಕೆರಳದ, ಕಚ್ಚಲು ಬಾರದ, ಮಂಕಾಗಿ ಕೂರುವ ನಾಯಿಯಲ್ಲೂ ರೇಬಿಸ್ ಇರುತ್ತದೆ. ಲಸಿಕೆ ಹಾಕಿಸದ, ಒಮ್ಮೆಲೇ ನಡವಳಿಕೆ ಬದಲಾದ ನಾಯಿ, ಬೆಕ್ಕಿನ ಬಾಯಿಗೆ ಕೈ ಹಾಕಬೇಡಿ, ವೈದ್ಯರನ್ನು ಕರೆಯಿರಿ. ಹಲ್ಲು ತಾಗಿದರೆ ಅಥವಾ ಗಾಯಕ್ಕೆ ಜೊಲ್ಲು ಬಿದ್ದರೆ ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಬ್ರಷ್ ಕೊಳ್ಳುವ ಮುನ್ನ ರೇಬಿಸ್ ಲಸಿಕೆಯ ದಿನಾಂಕ ನೋಡಿಕೊಳ್ಳಿ.

ಮುಂದಿನ ಬಾರಿ ಫಾರ್ವರ್ಡ್ ಬಂದಾಗ

ಸಾಕುಪ್ರಾಣಿಯ ಹಲ್ಲಿನ ಬಗ್ಗೆ ಹೊಸ ಸಲಹೆ ಬಂದರೆ ಅದೇ ಎರಡು ಪ್ರಶ್ನೆ ಕೇಳಿ: ವಸಡಿನ ಅಂಚನ್ನು ತಲುಪುತ್ತದೆಯೇ, ನುಂಗಿದರೆ ಅಪಾಯವಿಲ್ಲವೇ? ಎರಡಕ್ಕೂ 'ಹೌದು' ಬಾರದಿದ್ದರೆ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಇಂದು ಸಂಜೆ ನಿಮ್ಮ ನಾಯಿಯ ಅಥವಾ ಬೆಕ್ಕಿನ ತುಟಿ ಮೆಲ್ಲಗೆ ಎತ್ತಿ, ಹಿಂದಿನ ಹಲ್ಲು ಮತ್ತು ವಸಡು ಸೇರುವ ಗೆರೆಯನ್ನು ಒಮ್ಮೆ ನೋಡಿ. ವಸಡು ಅದರ ಸಹಜ ಬಣ್ಣದಲ್ಲಿದ್ದು ಊತವಿಲ್ಲದಿದ್ದರೆ ಅಭ್ಯಾಸ ಶುರು ಮಾಡಬಹುದು. ಆ ಗೆರೆ ಕೆಂಪಾಗಿದ್ದರೆ ಮನೆಮದ್ದು ಹುಡುಕಬೇಡಿ, ವೈದ್ಯರಿಗೆ ತೋರಿಸಿ.